ಅತ್ತಿಗೆಯ ಶವರ್ ಕೋಣೆ

ಅಂಗೈ ಅಗಲದ ಬಣ್ಣದ ಹಕ್ಕಳೆಯೊಂದನ್ನು ಅತ್ತಿಗೆ ನಾನು ಓದುತ್ತಿದ್ದ ಪುಸ್ತಕದ ಮೇಲೆಯೇ ತಂದಿಟ್ಟರು. ಇಟ್ಟರು ಎಂಬುದು ಮರ್ಯಾದೆಯ ಮಾತು, ಎಸೆದರು. ಅದರ ಒಂದು ಮುಖ ಹಾಲಿನಂತೆ ಬಿಳುಪಾಗಿತ್ತು. ಇನ್ನೊಂದು ಮುಖಕ್ಕೆ ಇಲಿಯ ತುಪ್ಪಳದಂಥ ಕಪ್ಪು ಅಂಟಿಕೊಂಡಿತ್ತು.

"ಇದು ಇವತ್ತು ಒಬ್ಬಳ ನೆತ್ತಿ ಮೇಲೆ ಬಿತ್ತು," ಎಂದರು. "ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿ ನಿಂತಿದ್ಳು. ಹಲ್ಲಿ ಬಿತ್ತು ಅಂದ್ಕೊಂಡು ಟವೆಲ್ ಸುತ್ತಿ ಕಾರಿಡಾರ್ ತನಕ ಓಡಿದಾಳೆ. ನೋಡು, ನೋಡಿ ಹೇಳು, ಏನಿದು ಅಂತ."

"ಬೂಷ್ಟು, ಅತ್ತಿಗೆ."

"ಬೂಷ್ಟು ಅಂತ ಹೇಳೋಕೆ ನೀನು ಇಷ್ಟು ಪುಸ್ತಕ ಓದಬೇಕಿತ್ತಾ? ಅದು ನನ್ನ ಮೊಮ್ಮಗಳಿಗೂ ಗೊತ್ತು."

ಮೊಮ್ಮಗಳು ಇನ್ನೂ ತೆವಳುವ ಕೂಸು. ಆಗ ಅದು ನನ್ನ ಅಣ್ಣನ ಚಪ್ಪಲಿಯೊಂದನ್ನು ಬಾಯಿಗೆ ಸೇರಿಸುವ ಪ್ರಯತ್ನದಲ್ಲಿತ್ತು. ಅಣ್ಣ ಕುರ್ಚಿಯಲ್ಲಿ ಕೂತೇ ಕಾಲಿನಿಂದ ಚಪ್ಪಲಿಯನ್ನು ದೂರ ತಳ್ಳಿದ. ಅವನ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿದೆ. ಬಗ್ಗಿ ಹಿಡಿಯುವ ಕೆಲಸಗಳು ಅದರಿಂದ ಆಗುವುದಿಲ್ಲ. ಆ ಕೈ ಹಾಗಾದದ್ದು ಹೇಗೆಂಬುದನ್ನು ಹೇಳದೆ ನನ್ನ ಅತ್ತಿಗೆಯ ಸಿಟ್ಟನ್ನು ವಿವರಿಸಲಾಗದು.

ಅಣ್ಣ ಬ್ಯಾಟರಿ ಕಾರ್ಖಾನೆಯಲ್ಲಿದ್ದ. ಹಳೆಯ ಬ್ಯಾಟರಿಗಳನ್ನು ಒಡೆದು ಅವುಗಳ ಸೀಸವನ್ನು ಕರಗಿಸುವ ವಿಭಾಗ ಅವನದು. ಅವನ ಕಾಲದಲ್ಲಿ ಅಲ್ಲಿ ಸ್ನಾನದ ಕೋಣೆಯೆಂಬುದೇ ಇರಲಿಲ್ಲ. ಅಂಗಳದ ನಲ್ಲಿಯಲ್ಲಿ ಕೈ, ಮುಖ ತೊಳೆದು, ಬೂದು ಧೂಳು ಕೂತ ಅಂಗಿಯಲ್ಲೇ ಮನೆಗೆ ಬರುತ್ತಿದ್ದ. ಬಾಗಿಲಲ್ಲೇ ಕಾದಿರುತ್ತಿದ್ದ ಮಗಳು ಓಡಿಬಂದು ಅವನ ಕುತ್ತಿಗೆಗೆ ಜೋತುಬೀಳುತ್ತಿದ್ದಳು. ಸೀಸ ಚರ್ಮದ ಮೂಲಕ ಅಷ್ಟಾಗಿ ಒಳಗಿಳಿಯುವುದಿಲ್ಲ. ಉಸಿರಿನ ಮೂಲಕ ಇಳಿಯುತ್ತದೆ, ಬೆರಳಿನಿಂದ ಬಾಯಿಗೆ ಹೋಗುತ್ತದೆ; ಮಕ್ಕಳಲ್ಲಿ ದೊಡ್ಡವರಿಗಿಂತ ಹೆಚ್ಚು ನಿಲ್ಲುತ್ತದೆ, ಹೆಚ್ಚು ಕೆಡಿಸುತ್ತದೆ. ವರ್ಷಗಳು ಕಳೆದ ಮೇಲೆ ಅಣ್ಣನ ಕೈ ಸೋತಿತು. ಮಗಳು ಶಾಲೆಯಲ್ಲಿ ಹಿಂದುಳಿದಳು. ಅದಕ್ಕೆ ಸೀಸವೇ ಕಾರಣವೋ ಅಲ್ಲವೋ ನಾನು ಹೇಳಲಾರೆ; ಒಂದು ಮಗುವನ್ನು ನೋಡಿ ಏನನ್ನೂ ಸಾಬೀತುಪಡಿಸಲು ಬರುವುದಿಲ್ಲ. ಅತ್ತಿಗೆಗೆ ಮಾತ್ರ ಆ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ.

ಆಮೇಲೆ ಕಾರ್ಮಿಕರು ಗಲಾಟೆ ಮಾಡಿದರು, ಡಾಕ್ಟರುಗಳು ಬಂದು ರಕ್ತ ತೆಗೆದರು, ಕಾರ್ಖಾನೆಯಲ್ಲಿ ಗಂಡಸರಿಗೊಂದು ಹೆಂಗಸರಿಗೊಂದು ಶವರ್ ಕೋಣೆ ಕಟ್ಟಲಾಯಿತು. ಕೆಲಸ ಬಿಟ್ಟ ಅಣ್ಣನ ಬದಲಿಗೆ ಅತ್ತಿಗೆಯನ್ನು ಹೆಂಗಸರ ಕೋಣೆ ನೋಡಿಕೊಳ್ಳಲು ಇಟ್ಟುಕೊಂಡರು. ಅಂದಿನಿಂದ ಅದು ಅವರದೇ ಕೋಣೆ. ಸೋಪು ಕೊಡುವವರು ಅವರು, ತೊಳೆಯುವವರು ಅವರು, ಬೀಗದ ಕೈ ಅವರ ಸೊಂಟದಲ್ಲಿ. ಸ್ನಾನ ತಪ್ಪಿಸಿ ಬಸ್ಸಿಗೆ ಓಡುವ ಹುಡುಗಿಯರನ್ನು ಗೇಟಿನ ತನಕ ಅಟ್ಟಿಸಿಕೊಂಡು ಹೋಗಿ, ತೋಳು ಹಿಡಿದು ವಾಪಸ್ ಎಳೆದು ತಂದು ನೀರಿನ ಕೆಳಗೆ ನಿಲ್ಲಿಸುವವರೂ ಅವರೇ. ಎದುರಿಗೆ ಎಲ್ಲರೂ 'ಅಕ್ಕ' ಎನ್ನುತ್ತಾರೆ. ಬೆನ್ನ ಹಿಂದೆ ಅವರ ಹೆಸರು 'ಕುಕ್ಕರ್'. "ಈಗ ಎಷ್ಟನೇ ವಿಸಿಲ್?" ಎಂದು ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಂಡು ಒಳಗೆ ಕಾಲಿಡುತ್ತಾರೆ.

ಈಗ ಅವರ ಮಗಳೂ ಅದೇ ಕಾರ್ಖಾನೆಯಲ್ಲಿದ್ದಾಳೆ. ಬೇಡವೆಂದು ಅತ್ತಿಗೆ ಮನೆಯ ಪಾತ್ರೆಗಳೆಲ್ಲ ಸದ್ದು ಮಾಡುವಂತೆ ಜಗಳವಾಡಿದ್ದರು. ಬೇರೆ ಕೆಲಸ ಸಿಗಲಿಲ್ಲ. ಗಂಡ ದೂರದ ಕಟ್ಟಡ ಕೆಲಸಗಳ ಹಿಂದೆ ಅಲೆಯುವವನು. ಸೀಸದ ಫಲಕಗಳನ್ನು ಜೋಡಿಸುವ ಮೇಜಿನಲ್ಲಿ ಅವಳು ಸೇರಿಕೊಂಡಳು. ಚಪ್ಪಲಿ ಕಚ್ಚುತ್ತಿದ್ದ ಕೂಸು ಅವಳದು.

"ಈ ಹಕ್ಕಳೆ ತಗೊಂಡು ಸೀದಾ ಮ್ಯಾನೇಜರ್ ಹತ್ತಿರ ಹೋದೆ," ಎಂದು ಅತ್ತಿಗೆ ಮುಂದುವರಿಸಿದರು. "ಅವನು ಮೂಗು ಮುಚ್ಕೊಂಡು ಏನಂದ ಗೊತ್ತಾ? 'ಹೌದಮ್ಮಾ, ಆ ಕೋಣೆ ಬಗ್ಗೆ ನಾನೂ ಯೋಚನೆ ಮಾಡ್ತಾ ಇದೀನಿ. ಅರ್ಧ ಜನ ಉಪಯೋಗಿಸಲ್ಲ. ಈ ಶಟ್‌ಡೌನ್‌ನಲ್ಲಿ ಅದನ್ನ ರಟ್ಟಿನ ಪೆಟ್ಟಿಗೆ ಇಡೋ ಗೋಡೌನ್ ಮಾಡಿಬಿಡೋಣ' ಅಂತ. ಅರ್ಧ ಜನ ಯಾಕೆ ಬರಲ್ಲ ಅಂತ ಕೇಳಿದ್ನಾ? ಗೋಡೆ ಮೈ ಮೇಲೆ ಬೀಳೋ ಕಡೆ ಯಾರು ಬಟ್ಟೆ ಬಿಚ್ಚಿ ನಿಲ್ತಾರೆ?"

"ನೀನೇನಂದೆ?" ಅಣ್ಣ ಕೇಳಿದ.

"ಶಟ್‌ಡೌನ್ ಮುಗಿಯೋದ್ರೊಳಗೆ ನಾನು ಅದನ್ನ ಸರಿಮಾಡಿ ತೋರಿಸ್ತೀನಿ ಅಂದೆ. ತೋರಿಸಿ, ಆಮೇಲೆ ಮಾತಾಡೋಣ ಅಂದ."

"ಹೇಗೆ ಸರಿಮಾಡ್ತೀಯೆ?"

ಅತ್ತಿಗೆ ನನ್ನ ಕಡೆ ತಿರುಗಿದರು. "ಇವನು ಯಾಕಿದಾನೆ? ಓದಿ ಓದಿ ಕಣ್ಣಿಗೆ ಸೋಡಾ ಬುಡ್ಡಿ ಬಂತು. ಒಂದು ದಿನಾನಾದ್ರೂ ಮನೆಗೆ ಉಪಯೋಗಕ್ಕೆ ಬರಲಿ."

ನಾನು ಪಠ್ಯಪುಸ್ತಕಗಳ ಕರಡು ತಿದ್ದುವವನು. ವಿಜ್ಞಾನದ ಓದು ನನ್ನ ಚಟವೇ ಹೊರತು ಕಸುಬಲ್ಲ. ಹಾಗೆಂದು ಹೇಳಿಕೊಂಡರೆ ಅತ್ತಿಗೆಯಿಂದ ಇನ್ನೂ ನಾಲ್ಕು ಮಾತು ಕೇಳಬೇಕಾಗುತ್ತಿತ್ತು.

ವರ್ಷಕ್ಕೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಅವಧಿಗೆ ಕಾರ್ಖಾನೆಯವರು ಶಟ್‌ಡೌನ್ ಎನ್ನುತ್ತಾರೆ. ಅದರ ಮೊದಲ ದಿನ ಬೆಳಿಗ್ಗೆ ನಾವು ಮೂವರು, ಅಂದರೆ ಅತ್ತಿಗೆ, ಅವರ ಮಗಳು ಮತ್ತು ನಾನು, ಬಕೆಟ್ಟು, ಬ್ರಷ್ಷು, ಏಣಿ ಹೊತ್ತು ಒಳಗೆ ಹೋದೆವು. ಕೂಸು ಅಣ್ಣನ ಎಡಗೈಯ ವಶದಲ್ಲಿ ಮನೆಯಲ್ಲೇ ಉಳಿಯಿತು.

ಅದು ಉದ್ದನೆಯ ಕೋಣೆ. ಒಂದು ಗೋಡೆಗೆ ಸಾಲಾಗಿ ಶವರುಗಳು, ನಡುನಡುವೆ ಭುಜದೆತ್ತರದ ಅಡ್ಡಗೋಡೆಗಳು, ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಪರದೆ. ದೂರದಿಂದ ನೋಡಿದರೆ ಕೊಳಕು ಎನ್ನುವಂತಿರಲಿಲ್ಲ. ನೆಲ ಹೊಳೆಯುತ್ತಿತ್ತು, ಟೈಲ್ಸಿನ ಮುಖ ಹೊಳೆಯುತ್ತಿತ್ತು, ವಾಸನೆಯಂತೂ ಇರಲೇ ಇಲ್ಲ. ಹತ್ತಿರ ಹೋದರೆ ಬೇರೆಯೇ ಲೋಕ. ಟೈಲ್ಸಿನ ಸಂದಿಗಳಲ್ಲಿ ತುಂಬಿದ್ದ ಗ್ರೌಟ್ ಗಾರೆ ಸವೆದು ಕಪ್ಪು ಗೆರೆಗಳಾಗಿತ್ತು. ಗೋಡೆ ನೆಲಕ್ಕೆ ಸೇರುವ ಮೂಲೆಗಳಲ್ಲಿ ತುಂಬಿದ್ದ ಸಿಲಿಕೋನ್ ಅಂಟಿನ ಪಟ್ಟಿಯೊಳಗೇ ಕಪ್ಪು ಚುಕ್ಕೆಗಳು ಹುದುಗಿದ್ದವು. ಪರದೆಗಳ ಅಂಚಿಗೆ ನಸುಗೆಂಪು ಲೋಳೆ. ಶವರಿನ ಜಾಲರಿಗಳ ತೂತುಗಳನ್ನು ನೀರಿನ ಸುಣ್ಣ ಮುಚ್ಚಿತ್ತು. ನೀರು ಬರಬೇಕಾದಲ್ಲಿ ಬಾರದೆ, ಬರಬಾರದ ಕಡೆ ಚಿಮ್ಮುತ್ತಿತ್ತು. ತಲೆಯ ಮೇಲೆ ಚಾವಣಿಯ ಬಿಳಿ ಬಣ್ಣ ಅಲ್ಲಲ್ಲಿ ಉಬ್ಬಿ ಕೆಳಗೆ ಬಾಗಿತ್ತು. ಪ್ರತಿ ವರ್ಷ ಯಾರಾದರೂ ಅಧಿಕಾರಿ ಬರುವ ಮುಂಚೆ ಕಪ್ಪಿನ ಮೇಲೆಯೇ ಒಂದು ಕೈ ಬಿಳಿ ಬಳಿಯುವುದು ಅಲ್ಲಿನ ಪದ್ಧತಿ. ಪದರಗಳನ್ನು ನೋಡುತ್ತಿದ್ದಂತೆ ನನಗೂ ಸಿಟ್ಟು ಬಂತು. ಮುಚ್ಚುವುದಕ್ಕೆ ಇಷ್ಟು ಶ್ರದ್ಧೆ ವಹಿಸುವ ಜನ, ಕೆಳಗೇನಿದೆ ಎಂದು ಒಮ್ಮೆಯೂ ಉಗುರಿನಿಂದ ಕೆರೆದು ನೋಡಿರಲಿಲ್ಲ.

"ಮೊದಲು ಎಲ್ಲ ಒದ್ದೆ ಮಾಡ್ಬೇಕು," ಎಂದೆ. "ಒಣಗಿದ ಬೂಷ್ಟನ್ನ ಕೆರೆದ್ರೆ ಅದರ ಬೀಜ ಗಾಳಿಗೆ ಹಾರುತ್ತೆ. ಸೀಸದ ಧೂಳೂ ಜೊತೆಗೆ ಏಳಬಹುದು. ಮಾಸ್ಕ್ ತೆಗೀಬಾರದು."

"ಶುರುವಾಯ್ತು ಪ್ರವಚನ," ಎಂದರು ಅತ್ತಿಗೆ, ಮಾಸ್ಕಿನೊಳಗಿಂದ.

ಅವರು ಕೆಲಸ ಮಾಡುವ ರೀತಿಯೇ ಹಾಗೆ: ವೈರಿಯನ್ನು ಹೊಡೆದಂತೆ. ಗ್ರೌಟ್ ಅಷ್ಟು ಸವೆಯಲು ಅವರ ತಂತಿ ಬ್ರಷ್ಷೂ ಒಂದು ಕಾರಣ. ಉಜ್ಜಿದಷ್ಟೂ ಸಂದಿ ಆಳವಾಗುತ್ತದೆ, ಆಳವಾದಷ್ಟೂ ನೀರು ನಿಲ್ಲುತ್ತದೆ. ಅದನ್ನು ನಾನು ಹೇಳುವಷ್ಟರಲ್ಲಿ ಅವರು ಬ್ಲೀಚಿಂಗ್ ನೀರು ಸುರಿದ ಮೂಲೆಯ ಮುಂದೆ ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ನಾನು ಬಾಟಲಿಯನ್ನು ಕಿತ್ತುಕೊಂಡೆ.

"ಎರಡೂ ಸೇರಿದ್ರೆ ಬರೋ ಗಾಳಿ ಎದೆ ಸುಡುತ್ತೆ, ಅತ್ತಿಗೆ. ಆಸ್ಪತ್ರೆ ಸೇರ್ತೀರಿ."

"ಒಂದರಿಂದ ಹೋಗದಿದ್ರೆ ಎರಡು ಹಾಕೋದು ತಪ್ಪಾ?"

"ತಪ್ಪು."

"ಅಮ್ಮ ಮೊದಲೂ ಒಂದು ಸಲ ಹಾಕಿದ್ಳು ಚಿಕ್ಕಪ್ಪ," ಎಂದಳು ಮಗಳು. "ಮೂರು ಜನ ಕೆಮ್ಮಿಕೊಂಡು ಹೊರಗೆ ಬಂದ್ವಿ. ಬೂಷ್ಟು ಸಾಯೋವಾಗ ಹಾಗೇ ಘಾಟು ಅಂದ್ಳು."

"ನೀನು ಬಾಯಿ ಮುಚ್ಕೊಂಡು ಪರದೆ ಬಿಚ್ಚು."

ಪರದೆಗಳನ್ನು ಎಸೆದೆವು. ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಕೊಯ್ದು ಎಳೆದಾಗ ಅದು ಉದ್ದನೆಯ ಹುಳುವಿನಂತೆ ಬಿಟ್ಟುಕೊಂಡು ಬಂತು. ಅದರೊಳಗಿನ ಕಪ್ಪನ್ನು ಯಾವ ಬ್ಲೀಚೂ ಮುಟ್ಟಲಾರದು. ಬ್ಲೀಚು ಮೇಲಿನ ಬಣ್ಣವನ್ನು ಕಳೆಯುತ್ತದೆ, ಒಳಗಿನ ಎಳೆಗಳು ಹಾಗೇ ಉಳಿದು ಮತ್ತೆ ಚಿಗುರುತ್ತವೆ. ಸಡಿಲವಾದ ಗ್ರೌಟನ್ನು ಚೂಪಾದ ಕಬ್ಬಿಣದ ಪಟ್ಟಿಯಿಂದ ಕೆರೆದು ತೆಗೆದೆವು. ಸೋಪಿನ ನೀರಿನಿಂದ ಗೋಡೆಯ ಜಿಡ್ಡು ಇಳಿಸಿ, ಆಮೇಲೆ ತೆಳುವಾದ ಬ್ಲೀಚಿಂಗ್ ನೀರು ಹಚ್ಚಿ, ಬಿಟ್ಟು, ತೊಳೆದೆವು. ಶವರಿನ ಜಾಲರಿಗಳನ್ನು ಬಿಚ್ಚಿ, ಪಕ್ಕದ ಕೋಣೆಯಲ್ಲಿ ಬೇರೆ ಬಕೆಟ್ಟಿನ ವಿನೆಗರ್‌ನಲ್ಲಿ ನೆನೆಹಾಕಿದೆವು. ನೆನೆದವನ್ನು ತೊಳೆದು ತಂದು ಮಗಳು ಒಂದೊಂದು ತೂತನ್ನೂ ಸೂಜಿಯಿಂದ ಬಿಡಿಸುತ್ತಾ ಕೂತಳು.

ಚಾವಣಿಗೆ ಪೇಂಟರ್ ಬೇಕಿತ್ತು. ಶಟ್‌ಡೌನಿಗೆಂದು ಬೇರೆ ಗೋಡೆಗಳನ್ನು ಬಳಿಯುತ್ತಿದ್ದವನನ್ನೇ ಅತ್ತಿಗೆ ಕರೆತಂದರು. ಪ್ರತಿ ವರ್ಷ ಆ ಕಪ್ಪಿನ ಮೇಲೆ ಬಿಳಿ ಬಳಿದವನು ಅವನೇ. ಅವನು ಬಾಗಿಲಲ್ಲಿ ನಿಂತಾಗಿನಿಂದ ತನ್ನ ಏಣಿ ಹತ್ತುವವರೆಗೆ ಅತ್ತಿಗೆ ಅವನ ನೀರಿಳಿಸಿದರು.

"ಏನಯ್ಯಾ, ನಿನ್ನ ಮನೆ ಗೋಡೆಗೂ ಹೀಗೇ ಬಳೀತೀಯಾ? ಗಾಯದ ಮೇಲೆ ಪೌಡರ್ ಹಚ್ಚಿದ ಹಾಗೆ?"

"ಅಕ್ಕ, ನನ್ನ ಮನೆ ಗೋಡೆಗೆ ಬಣ್ಣಾನೇ ಇಲ್ಲ."

"ಮಾತಿಗೆ ಮಾತು ಕೊಡಬೇಡ. ಹಸಿ ಗೋಡೆ ಮೇಲೆ ಬಣ್ಣ ನಿಲ್ಲಲ್ಲ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ನಾಳೆ ಸಾಹೇಬರು ಬರ್ತಾರೆ, ಇವತ್ತು ಮುಗಿಸು ಅಂತಾರೆ. ಒಣಗಲಿ ಅಂದ್ರೆ ಬೇರೆಯವನನ್ನ ಕರೀತಾರೆ." ಅವನು ಏಣಿಯ ಮೇಲಿಂದ ಚಾವಣಿಗೆ ಅಂಗೈ ಒತ್ತಿ ನೋಡಿದ. "ಇಷ್ಟು ವರ್ಷ ಬಂದಿದೀನಲ್ಲಕ್ಕ, ಈ ಕೋಣೆ ಒಂದು ಸಲಾನಾದ್ರೂ ಒಣಗಿದ್ದು ನಾನು ನೋಡಿಲ್ಲ. ಬೆಳಿಗ್ಗೆ ಯಾರೂ ಸ್ನಾನಕ್ಕೆ ಬರೋ ಮುಂಚೆ ಬಂದ್ರೂ ಗೋಡೆ ಬೆವರ್ತಾ ಇರುತ್ತೆ."

"ಮ್ಯಾನೇಜರ್ ಕೆಟ್ಟ ಫ್ಯಾನ್ ಹಾಕಿಸಿದಾನೆ. ಅದಕ್ಕೆ," ಎಂದರು ಅತ್ತಿಗೆ.

ನಾನು ಫ್ಯಾನಿನ ಕಡೆ ನೋಡಿದೆ. ಕಿಟಕಿಯಿಲ್ಲದ ಆ ಕೋಣೆಯ ಕೊನೆಯ ಗೋಡೆಯಲ್ಲಿ, ಮೇಲೆ, ಗೋಡೌನಿನಲ್ಲಿ ಹಾಕುವಂಥ ದೊಡ್ಡ ಎಕ್ಸಾಸ್ಟ್ ಫ್ಯಾನ್ ಇತ್ತು. ಸ್ವಿಚ್ ಒತ್ತಿದೆ. ಒಮ್ಮೆ ಗೊರಗುಟ್ಟಿ, ಆಮೇಲೆ ಲಾರಿಯೊಂದು ಒಳಗೇ ನುಗ್ಗಿದಂತೆ ಆರ್ಭಟಿಸುತ್ತಾ ಓಡಿತು. ಬಾಗಿಲಿಂದ ಗಾಳಿ ಸೆಳೆದುಕೊಂಡು ಬಂದು ನಮ್ಮ ಒದ್ದೆ ಬಟ್ಟೆಗಳನ್ನು ಅಲುಗಿಸಿತು. ಅದಕ್ಕೇನೂ ಕೇಡಿರಲಿಲ್ಲ.

ಆರಿಸಿ, ನಮ್ಮ ಏಣಿಯೇರಿ ಹತ್ತಿರದಿಂದ ನೋಡಿದೆ. ಅಂಥ ಕೋಣೆಯಲ್ಲಿ ವರ್ಷಗಟ್ಟಲೆ ಓಡಿದ ಫ್ಯಾನಿನ ರೆಕ್ಕೆಗಳ ಅಂಚಿನಲ್ಲಿ ಕೂದಲು, ನೂಲು, ಸೋಪಿನ ಜಿಡ್ಡು ಸೇರಿ ಒಂದು ಅಂಟು ಪದರ ಕೂತಿರಬೇಕು. ಈ ರೆಕ್ಕೆಗಳ ಮೇಲೆ ತೆಳುವಾದ ಧೂಳು ಬಿಟ್ಟರೆ ಏನೂ ಇರಲಿಲ್ಲ. ಒಂದು ಮೂಲೆಯಲ್ಲಿ ಜೇಡ ನೆಮ್ಮದಿಯಾಗಿ ಬಲೆ ಕಟ್ಟಿತ್ತು.

"ಅತ್ತಿಗೆ, ಈ ಫ್ಯಾನ್ ಓಡೋದೇ ಇಲ್ವಾ?"

"ಓಡಿತಲ್ಲ ಈಗ."

"ಈಗ ಓಡ್ತು. ದಿನಾ ಓಡುತ್ತಾ?"

ಅವರು ಗೋಡೆಯತ್ತ ತಿರುಗಿದರು. ಪಟ್ಟಿಯಿಂದ ಸಂದಿ ಕೆರೆಯುವುದು ಜೋರಾಯಿತು. ಮಗಳು ಸೂಜಿ ಕೆಳಗಿಟ್ಟಳು.

"ಅಮ್ಮಾ, ಹೇಳ್ಬಿಡು."

"ಏನು ಹೇಳೋದು? ಮುಚ್ಚಿಟ್ಟಿದೀನಾ ನಾನು? ಸಾಹೇಬರು ಬಂದಾಗ ಹಾಕ್ತೀನಿ, ಮಿಕ್ಕ ಹೊತ್ತು ಹಾಕಲ್ಲ. ಫ್ಯಾನ್ ಇರೋದು ವಾಸನೆಗೆ. ನನ್ನ ಕೋಣೇಲಿ ವಾಸನೆ ಇದೆಯಾ? ಮೂಗಿಟ್ಟು ನೋಡು. ವಾಸನೆ ಇಲ್ಲದ ಕಡೆ ಅದಕ್ಕೇನು ಕೆಲಸ?"

"ಅದಲ್ಲ ಚಿಕ್ಕಪ್ಪ," ಎಂದಳು ಮಗಳು. "ನಾವೇ ಆಫ್ ಮಾಡು ಅಂತೀವಿ. ಬೆಳಿಗ್ಗೆಯಿಂದ ಬಾಯಿಗೆ ಮಾಸ್ಕು, ಕಿವಿಗೆ ಮಷೀನು. ಪಕ್ಕದಲ್ಲಿ ನಿಂತವಳ ಹತ್ತಿರಾನೂ ಕಣ್ಣಲ್ಲೇ ಮಾತು. ಈ ನೀರಿನ ಕೆಳಗೆ ನಿಂತಾಗಲೇ ನಮ್ಮ ಬಾಯಿ ಬಿಚ್ಚೋದು. ಆ ಫ್ಯಾನ್ ಹಾಕಿದ್ರೆ ಅಡ್ಡಗೋಡೆ ಆಚೆ ಒಂದಕ್ಷರ ಕೇಳಲ್ಲ. ಯಾರ ಅತ್ತೆ ಏನಂದ್ಲು, ಯಾರ ಗಂಡ ಏನು ಕಿತಾಪತಿ ಮಾಡ್ದ, ಯಾರಿಗೆ ತಿಂಗಳು ತಪ್ಪಿದೆ, ಎಲ್ಲ ಇಲ್ಲೇ. ಸ್ನಾನ ಬೇಡ ಅನ್ನೋರೂ ಮಾತಿಗೋಸ್ಕರ ಬರ್ತಿದ್ರು."

ನನಗೆ ಎಲ್ಲವೂ ಒಂದೇ ಕ್ಷಣದಲ್ಲಿ ಅರ್ಥವಾಯಿತು; ಅರ್ಥವಾದದ್ದನ್ನು ಸ್ವಲ್ಪ ಮೆತ್ತಗೆ ಹೇಳುವಷ್ಟು ಜಾಣ್ಮೆ ಮಾತ್ರ ಒದಗಲಿಲ್ಲ.

"ಕೊನೆಯವಳು ಹೋದ ಮೇಲೆ ಏನು ಮಾಡ್ತೀರಿ?"

"ಗೋಡೆಗೆಲ್ಲ ನೀರು ಹೊಡೆದು ತೊಳೆದು, ಬಾಗಿಲು ಹಾಕಿ, ಬೀಗ ಹಾಕ್ತೀನಿ. ಇನ್ನೇನು ಮಾಡ್ಲಿ? ತೆರೆದಿಟ್ಟು ಹೋದ್ರೆ ಕಂಡಕಂಡವರು ಬಂದು ಕಾಲು ತೊಳೀತಾರೆ."

"ಅಂದ್ರೆ ಗೋಡೆ ಅತಿ ಹೆಚ್ಚು ಒದ್ದೆ ಇರೋ ಹೊತ್ತಿಗೆ ಗಾಳಿ ಆಡದ ಹಾಗೆ ಬೀಗ. ಬೂಷ್ಟಿಗೆ ಬೇಕಿರೋದು ತೇವ ಒಂದೇ ಅತ್ತಿಗೆ, ತಿನ್ನೋಕೆ ಸೋಪಿನ ಜಿಡ್ಡೇ ಸಾಕು. ಇಷ್ಟು ವರ್ಷ ನೀವು ಅದನ್ನ ಸಾಕಿದೀರಿ."

ಪಟ್ಟಿ ನೆಲಕ್ಕೆ ಬಿತ್ತು. ಏಣಿಯ ಮೇಲಿದ್ದ ಪೇಂಟರ್ ಚಾವಣಿಯನ್ನು ಅತ್ಯಂತ ಆಸಕ್ತಿಯಿಂದ ನೋಡತೊಡಗಿದ.

"ನಾನು ಸಾಕಿದೆ?" ಅವರ ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಮಂಡಿ ಊರಿ, ಊರಿ, ಮಂಡಿಯ ಚರ್ಮ ಕಲ್ಲಾಯ್ತು. ಈ ಕಪ್ಪನ್ನ ಉಜ್ಜಿ ಉಜ್ಜಿ ಉಗುರು ಬೆಳೆಯೋದು ಮರೆತುಹೋಯ್ತು. ಸಾಕಿದೆ ಅಂತೀಯಾ? ಒಂದು ದಿನ ಪಾಯಿಖಾನೆ ತೊಳೆದವನಲ್ಲ ನೀನು. ನಿನ್ನ ಅಣ್ಣನ ಕೈ ಬಿದ್ದಾಗ ಯಾವ ಪುಸ್ತಕ ಓದ್ತಾ ಇದ್ದೆ?"

ಮಾಸ್ಕನ್ನು ಕಿತ್ತೆಸೆದು ಹೊರಟುಹೋದರು. ಉಳಿದ ನಾವು ಆ ದಿನದ ಕೆಲಸವನ್ನು ಮುಗಿಸಿದೆವು. ಫ್ಯಾನನ್ನು ಹಾಕಿಯೇ ಬಂದೆವು.

ಮನೆಯಲ್ಲಿ ಅವರು ನನಗೆ ಊಟ ಬಡಿಸಿದರು. ತಟ್ಟೆ ಮೇಜಿಗೆ ತಾಗಿದ ಸದ್ದಿನಲ್ಲಿ ಅಂದಿನ ಅಭಿಪ್ರಾಯವೆಲ್ಲ ಇತ್ತು. ಅಣ್ಣ ಮಗಳ ಬಾಯಿಂದ ವಿಷಯ ಕೇಳಿ ತಿಳಿದ. ಹೆಂಡತಿಗೆ ಹೇಳಿದ: "ನಮ್ಮ ವಿಭಾಗದಲ್ಲೂ ಫ್ಯಾನ್ ಇತ್ತು. ನಾವೂ ಆಫ್ ಮಾಡ್ತಿದ್ವಿ. ಬೆಂಕಿ ಆರುತ್ತೆ ಅಂತ."

"ನಿಮ್ಮನ್ನ ಯಾರೂ ಕೇಳಲಿಲ್ಲ."

"ಕೇಳಲಿಲ್ಲ. ಹೇಳಿದೆ."

ಅತ್ತಿಗೆ ಕೂಸನ್ನು ಎತ್ತಿಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ನಾವು ಕಾರ್ಖಾನೆ ತಲುಪುವಷ್ಟರಲ್ಲಿ ಅವರು ಅಲ್ಲಿದ್ದರು. ಕೋಣೆಯ ನಡುವೆ ನಿಂತು ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದರು. ಟೈಲ್ಸು ಒಣಗಿತ್ತು. ಸಂದಿಗಳೂ ಒಣಗಿ ಬೂದಿಯ ಬಣ್ಣಕ್ಕೆ ಬಂದಿದ್ದವು. ಇಷ್ಟು ವರ್ಷಗಳಲ್ಲಿ ಆ ಗೋಡೆಯನ್ನು ಅವರು ಒಣಗಿದ ಸ್ಥಿತಿಯಲ್ಲಿ ಮುಟ್ಟಿದ್ದು ಅದೇ ಮೊದಲಿರಬೇಕು.

"ಏನು ನೋಡ್ತೀಯಾ?" ಎಂದರು ನನಗೆ. "ಗ್ರೌಟ್ ಕಲಸು."

ಕಲಸಿದೆ. ಅವರು ಮೂಲೆಯಿಂದ ತುಂಬಿಸುತ್ತಾ ಬಂದರು, ಒದ್ದೆ ಸ್ಪಂಜಿನಿಂದ ಹೆಚ್ಚಿದ್ದನ್ನು ಒರೆಸುತ್ತಾ. ಗ್ರೌಟ್ ಗಟ್ಟಿಯಾಗಿ ಮೂಲೆಗಳು ಪೂರ್ತಿ ಒಣಗಿದ ಮೇಲಷ್ಟೇ ಹೊಸ ಸಿಲಿಕೋನ್ ಎಳೆದೆವು. ಬೆರಳನ್ನು ಸೋಪಿನ ನೀರಿನಲ್ಲಿ ಅದ್ದಿ ಆ ಗೆರೆಯನ್ನು ಮಗಳು ನಯಗೊಳಿಸಿದಳು. ಪೇಂಟರ್ ಚಾವಣಿಯನ್ನು ಸಿಮೆಂಟ್ ಕಾಣುವವರೆಗೆ ಕೆರೆದು, ತೊಳೆದು, ದಿನಗಟ್ಟಲೆ ಒಣಗಲು ಬಿಟ್ಟು, ದಿನಕ್ಕೊಮ್ಮೆ ಬಂದು ಅಂಗೈ ಒತ್ತಿ ನೋಡಿ, "ಇನ್ನೂ ಇಲ್ಲ" ಎಂದು ಹೇಳಿ ಹೋಗುತ್ತಿದ್ದ. ಹಾಗೆ ಹೇಳುವ ಅವಕಾಶ ತನಗೆ ಮೊದಲ ಸಲ ಸಿಕ್ಕಿದೆಯೆಂಬ ಗತ್ತು ಅವನ ದನಿಯಲ್ಲಿತ್ತು. ಕೊನೆಗೊಂದು ದಿನ ಬಳಿದ. ಜಾಲರಿಗಳು ತಿರುಗಿ ಕೂತವು. ನೀರು ಎಲ್ಲ ತೂತುಗಳಿಂದಲೂ ನೆಟ್ಟಗೆ ಬಿತ್ತು.

ಶಟ್‌ಡೌನ್ ಮುಗಿಯುವ ದಿನ ಮ್ಯಾನೇಜರ್ ಬಂದ. ನಾನು ಏಣಿ ವಾಪಸ್ ಒಯ್ಯಲು ಬಂದು ಬಾಗಿಲ ಬಳಿಯಲ್ಲಿದ್ದೆ. ಪೇಂಟರ್ ಡಬ್ಬಿಗಳನ್ನು ಜೋಡಿಸುತ್ತಿದ್ದ. ಮ್ಯಾನೇಜರ್ ಒಳಗೆ ನಡೆದು ಚಾವಣಿ ನೋಡಿದ, ಮೂಲೆಗೆ ಬಗ್ಗಿದ, ಒಂದು ಶವರ್ ತಿರುಗಿಸಿ ನೀರು ನೋಡಿದ.

"ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆಯಮ್ಮಾ. ಇಷ್ಟು ವರ್ಷ ಈ ಪೇಂಟರ್ ನಮಗೆ ಟೋಪಿ ಹಾಕಿದಾನೆ. ನಾಳೆಯಿಂದ ಇವನು ಗೇಟ್ ಒಳಗೆ ಬರಬಾರದು."

ಪೇಂಟರ್ ಡಬ್ಬಿಯ ಮುಚ್ಚಳ ಹಿಡಿದುಕೊಂಡು ನಿಂತ. ಅತ್ತಿಗೆ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೋಣೆ ಉಳಿಯುತ್ತಿತ್ತು, ತಪ್ಪು ಇನ್ನೊಬ್ಬನ ತಲೆಗೆ ಹೋಗುತ್ತಿತ್ತು, ಫ್ಯಾನಿನ ವಿಷಯ ನಮ್ಮೊಳಗೇ ಇರುತ್ತಿತ್ತು. ಮಗಳು ಅವರ ಸೆರಗು ಎಳೆದದ್ದನ್ನು ನಾನು ನೋಡಿದೆ. ಅವರು ಅದನ್ನು ಬಿಡಿಸಿಕೊಂಡರು.

"ಇವನು ಹಸಿ ಗೋಡೆ ಮೇಲೆ ಬಣ್ಣ ಬಳಿದಿದ್ದು ಹೌದು ಸಾರ್. ಅದಕ್ಕೆ ಬಯ್ಯೋದೆಲ್ಲ ನಾನು ಬಯ್ದಾಗಿದೆ, ನಿಮಗೇನೂ ಉಳಿಸಿಲ್ಲ. ಒಣಗೋಕೆ ಬಿಡದೆ ಬಳಿ ಅಂದಿದ್ದು ನೀವು. ಗೋಡೆ ಹಸಿ ಇಟ್ಟಿದ್ದು ನಾನು. ಫ್ಯಾನ್ ಹಾಕ್ತಿರಲಿಲ್ಲ."

"ಹಾಕ್ತಿರಲಿಲ್ಲ ಅಂದ್ರೆ?"

"ಆಫ್ ಮಾಡಿ ಇಡ್ತಿದ್ದೆ. ಅದರ ಸದ್ದಿಗೆ ಹೆಂಗಸರ ಮಾತು ಕೇಳಲ್ಲ."

ಮ್ಯಾನೇಜರ್ ನಕ್ಕ. ಆ ನಗು ನನಗೆ ಸೇರಲಿಲ್ಲ. "ಅಂದ್ರೆ ಹರಟೆಗೋಸ್ಕರ. ನಾವು ಸೌಲಭ್ಯ ಕೊಟ್ವಿ, ನೀವು ಹರಟೆ ಹೊಡೆದು ಹಾಳು ಮಾಡಿದ್ರಿ. ಹಾಗಿದ್ರೆ ಯಾವ ಧೈರ್ಯದ ಮೇಲೆ ಈ ಕೋಣೆ ನಿಮಗೆ ಬಿಡಲಿ? ಇನ್ನೊಂದು ವರ್ಷಕ್ಕೆ ಇದೇ ಕಥೆ. ಮನೆಗೆ ಹೋಗಿ ಸ್ನಾನ ಮಾಡಲಿ. ಎಲ್ಲರ ಮನೇಲೂ ಬಚ್ಚಲು ಇದೆಯಲ್ಲ."

"ಇದೆ ಸಾರ್. ಬಾಗಿಲಿಗೂ ಬಚ್ಚಲಿಗೂ ನಡುವೆ ಮಗು ಇದೆ." ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದರು. "ಬಾಗಿಲು ತೆಗೆದ ಕೂಡಲೇ ತೆವಳಿಕೊಂಡು ಬಂದು ಕಾಲು ಹಿಡ್ಕೊಳುತ್ತೆ. ಇರು, ಅಮ್ಮ ಸೀಸ ತೊಳ್ಕೊಂಡು ಬರ್ತಾಳೆ ಅಂದ್ರೆ ಅದಕ್ಕೆ ತಿಳಿಯುತ್ತಾ? ಹಿಡಿದ ಕೈನ ಬಾಯಿಗೆ ಹಾಕುತ್ತೆ. ನನ್ನ ಮಗಳೂ ಹಾಗೇ ಹಿಡ್ಕೊಂಡಿದ್ಳು. ನನ್ನ ಗಂಡನ ಕೈನ ನೀವು ನೋಡಿದೀರಿ. ಹರಟೆ ಅಂದ್ರಲ್ಲ, ಆ ಹರಟೆಗೇ ಅವರು ಇಲ್ಲಿಗೆ ಬರೋದು. ಹರಟೆ ನಿಲ್ಲಿಸಿ ನೋಡಿ, ಸ್ನಾನಾನೂ ನಿಲ್ಲುತ್ತೆ. ಅವರ ಮಕ್ಕಳ ರಕ್ತ ತೆಗೆಸೋಕೆ ಆಗ ನೀವು ಬರ್ತೀರಾ?"

ಮ್ಯಾನೇಜರನಿಗೆ ಬೇರೆ ಕಡೆ ನೋಡಬೇಕೆನಿಸಿತು, ಕಂಡದ್ದು ನಾನು. "ನೀವು ತಾನೆ ಇದನ್ನೆಲ್ಲ ಹೇಳಿಕೊಟ್ಟಿದ್ದು? ಸ್ನಾನದ ಹೊತ್ತಲ್ಲಿ ಫ್ಯಾನ್ ಆಫ್ ಇದ್ರೆ ನಡೆಯುತ್ತಾ?"

"ಆನ್ ಇದ್ರೆ ಇನ್ನೂ ಒಳ್ಳೇದು," ಎಂದೆ. "ಆದ್ರೆ ಕೊನೆಯವರು ಹೋದ ಮೇಲೆ ಗೋಡೆಯ ನೀರನ್ನ ವೈಪರ್‌ನಿಂದ ಎಳೆದು, ಬೆಳಗಿನ ತನಕ ಫ್ಯಾನ್ ಓಡಿಸಿದ್ರೆ ಬಹುಶಃ ಸಾಕಾಗುತ್ತೆ."

"ಬಹುಶಃ?"

"ಖಚಿತವಾಗಿ ಹೇಳೋಕೆ ಬರಲ್ಲ."

ಅತ್ತಿಗೆ ನನ್ನನ್ನು ನೋಡಿದ ನೋಟಕ್ಕೆ ಹೊಸ ಬಣ್ಣವೂ ಹಕ್ಕಳೆಯೇಳಬೇಕಿತ್ತು. "ಇವನ ಬಹುಶಃನ ಆಚೆ ಇಡಿ. ನಾನು ಹೇಳ್ತೀನಿ. ಅವರು ಸ್ನಾನ ಮಾಡೋವಾಗ ಫ್ಯಾನ್ ಇರಲ್ಲ, ಮಾತಾಡ್ತಾರೆ. ಎಲ್ಲರೂ ಹೋದ ಮೇಲೆ ನಾನು ನಿಂತು ಗೋಡೆ ಒರೆಸಿ, ಫ್ಯಾನ್ ಹಾಕ್ತೀನಿ. ಮತ್ತೆ ಕಪ್ಪು ಕಂಡ ದಿನ ನಿಮ್ಮ ರಟ್ಟಿನ ಪೆಟ್ಟಿಗೆನ ನಾನೇ ತಲೆ ಮೇಲೆ ಹೊತ್ತು ತಂದು ಇಲ್ಲಿ ಇಳಿಸ್ತೀನಿ. ಇನ್ನೊಂದು ಮಾತು. ಗೋಡೌನ್‌ಗೆ ಬೇಡವಾದ ಫ್ಯಾನ್ ತಂದು ಹೆಂಗಸರ ಕೋಣೆಗೆ ಹಾಕಿದ್ರಿ. ಸದ್ದಿಲ್ಲದ ಒಂದು ಫ್ಯಾನ್ ತನ್ನಿ. ಆಗ ಎರಡೂ ಆಗುತ್ತೆ."

"ನೋಡೋಣ," ಎಂದ ಮ್ಯಾನೇಜರ್. ಬಾಗಿಲತ್ತ ತಿರುಗುತ್ತಾ, "ಕೀಲಿ ನಿಮ್ಮ ಹತ್ತಿರಾನೇ ಇರಲಿ. ಕಪ್ಪು ಕಾಣಬಾರದು."

"ಪೇಂಟರ್?"

"ಇರಲಿ."

"ಕೇಳಿಸ್ತಾ?" ಅತ್ತಿಗೆ ಪೇಂಟರನತ್ತ ತಿರುಗಿದರು. "ಇನ್ನು ಹಸಿ ಗೋಡೆಗೆ ಬ್ರಷ್ ಮುಟ್ಟಿಸಿದ್ರೆ ನಿನ್ನ ಕೈ ನಾನೇ ಮುರೀತೀನಿ."

ಕಾರ್ಖಾನೆ ಮತ್ತೆ ಶುರುವಾದ ಮೊದಲ ಸಂಜೆಯ ಕಥೆಯನ್ನು ಮಗಳು ಬಂದು ಹೇಳಿದಳು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು, ಹೊಸ ಪರದೆ ಸರಿಸಿ, ನೀರು ಬಿಟ್ಟುಕೊಂಡು ಪಿಟ್ಟೆನ್ನದೆ ನಿಂತರಂತೆ. ತಮ್ಮ ಮಾತಿನಿಂದಲೇ ಇಷ್ಟೆಲ್ಲ ಆದದ್ದೆಂದು ಸುದ್ದಿ ಹರಡಿತ್ತು. ಬಾಯಿ ತೆರೆಯಲು ಒಬ್ಬಳಿಗೂ ಧೈರ್ಯವಿಲ್ಲ. ನೀರಿನ ಸದ್ದೊಂದೇ. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅತ್ತಿಗೆ ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ಗದರಿದರಂತೆ: "ಏನ್ರೇ, ಗ್ರೌಟ್ ನಿಮ್ಮ ಬಾಯಿಗೂ ತುಂಬಿಸಿದಾರಾ? ನಾನು ಆ ಮನುಷ್ಯನ ಎದುರಿಗೆ ನಿಂತು ಗಂಟಲು ಹರ್ಕೊಂಡಿದ್ದು ನೀವು ಮೂಕರ ಹಾಗೆ ಮೈ ತೊಳೆಯೋಕಾ? ಮಾತಾಡ್ರೇ."

ಮೂಲೆಯ ಶವರಿನಿಂದ ಯಾರೋ ಮೆಲ್ಲಗೆ ಕೇಳಿದಳಂತೆ: "ಇದು ಎಷ್ಟನೇ ವಿಸಿಲ್ಲಕ್ಕ?" ಕೋಣೆಗೆ ಕೋಣೆಯೇ ನಕ್ಕಿತಂತೆ.

ಬಿಟ್ಟುಹೋಗಿದ್ದವರು ತಿರುಗಿ ಬರತೊಡಗಿದರು. ಮಗಳು ಒದ್ದೆ ತಲೆಯಲ್ಲಿ ಮನೆಗೆ ಬಂದು ಕೂಸನ್ನು ಎತ್ತಿಕೊಳ್ಳುತ್ತಾಳೆ. ಅದು ಅವಳ ಕೂದಲನ್ನು ಹಿಡಿದು ಚೀಪಿದರೂ ಯಾರೂ ಎದೆ ಹಿಡಿದುಕೊಳ್ಳಬೇಕಿಲ್ಲ. ಗೋಡೆಗಳು ಈವರೆಗೆ ಬಿಳುಪಾಗಿಯೇ ಇವೆ. ಇನ್ನೆಷ್ಟು ಕಾಲ ಎಂಬುದಕ್ಕೆ ನನ್ನಲ್ಲಿರುವುದು ಅದೇ 'ಬಹುಶಃ'. ಸದ್ದಿಲ್ಲದ ಫ್ಯಾನ್ ಬಂದಿಲ್ಲ. ಅತ್ತಿಗೆ ಪ್ರತಿ ಸೋಮವಾರ ಹೋಗಿ ಅದರ ಬಗ್ಗೆ ಕೇಳುತ್ತಾರೆ, ಮ್ಯಾನೇಜರ್ ಪ್ರತಿ ಸೋಮವಾರ ನೋಡೋಣ ಎನ್ನುತ್ತಾನೆ.

ಹೀಗಾಗಿ ಅತ್ತಿಗೆ ಮನೆಗೆ ಬರುವುದು ಈಗ ಎಲ್ಲರಿಗಿಂತ ತಡ. ಹೆಂಗಸರೆಲ್ಲ ಹೋದ ಮೇಲೆ ಫ್ಯಾನ್ ಹಾಕಿ, ಮೂಲೆಯ ಶವರಿನ ಕೆಳಗೆ ತಾವೂ ಸ್ನಾನ ಮುಗಿಸಿ, ಆಮೇಲೆ ಒಂದೊಂದು ಗೋಡೆಯನ್ನೂ ಮೇಲಿಂದ ಕೆಳಗೆ ಎಳೆದು ಒರೆಸುತ್ತಾರೆ. ಮಾತಿಗೆ ಜೊತೆಯಿಲ್ಲ, ಇದ್ದಿದ್ದರೂ ಆ ಆರ್ಭಟದಲ್ಲಿ ಕೇಳಿಸುತ್ತಿರಲಿಲ್ಲ.

"ಒಬ್ಬಳೇ ಅಷ್ಟು ಹೊತ್ತು ಏನು ಮಾಡ್ತೀಯೆ?" ಎಂದು ಅಣ್ಣ ಒಮ್ಮೆ ಕೇಳಿದ.

"ಬಯ್ತೀನಿ," ಎಂದರು ಅತ್ತಿಗೆ, ಆರಿದ ಊಟವನ್ನು ಕಲಸುತ್ತಾ. "ಆ ಮ್ಯಾನೇಜರ್‌ನಿಂದ ಶುರುಮಾಡಿ ಅವನ ಮೇಲಿನವರು, ಅವರ ಮೇಲಿನವರು, ಎಲ್ಲರನ್ನೂ ಹೆಸರು ಹಿಡಿದು. ಗಂಟಲು ಬಿಚ್ಚಿ ಬಯ್ತೀನಿ. ಫ್ಯಾನ್ ಇದೆಯಲ್ಲ, ಯಾರಿಗೂ ಕೇಳಲ್ಲ."